ದಿನಾ ಸ್ಕೆಚ್ ಮಾಡೋಕೆ ನಮ್ಮ ಕಡೆ ಕಲೆಗಳಲ್ಲಿ ಏನ್ ನೋಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಮಂಡ್ಯ_ಪೆನ್ಸಿಲ್

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದವಳು, ಕೆಲಸ ಮೈಸೂರಲ್ಲಿ, ದಿನಾ ಟ್ರೈನಲ್ಲಿ ಹೋಗಿ ಬರ್ತೀನಿ. ಯುಗಾದಿ ಆದ್ಮೇಲೆ ಒಂದು ಚಿಕ್ಕ ಸ್ಕೆಚ್ ಬುಕ್ ತಗೊಂಡು ದಿನಕ್ಕೊಂದು ಚಿತ್ರ ಅಂತ ಮನಸ್ಸಲ್ಲೇ ಹರಕೆ ಹೊತ್ಕೊಂಡೆ, ಮೊದಲ ಹನ್ನೆರಡು ದಿನ ಚೆನ್ನಾಗೇ ಹೋಯ್ತು, ಕಾಫಿ ಲೋಟ, ಚಪ್ಪಲಿ, ಟ್ರೈನಲ್ಲಿ ತೂಕಡಿಸೋರು, ಕಿಟಕಿ ಕಂಬಿ ಎಲ್ಲಾ ಆಯ್ತು, ಆಮೇಲೆ ಬುಕ್ ತೆಗೆದು ಕೂತ್ರೆ ಕೈಯೇ ಓಡ್ತಿಲ್ಲ.

ಸಾಂಪ್ರದಾಯಿಕ ಕಲೆಗಳ ಕಡೆ ಹೋದ್ರೆ ವಿಷಯಕ್ಕೆ ಬರ ಇರಲ್ಲ ಅಂದ್ಕೊಂಡೆ. ಫೋನಲ್ಲಿ ಹುಡುಕಿ ವಾರ್ಲಿ, ಮಧುಬನಿ, ಹಸೆ ಚಿತ್ತಾರ, ಒಂದೊಂದು ದಿನ ಒಂದೊಂದು ನೋಡ್ಕೊಂಡು ಬಿಡಿಸ್ದೆ. ನೀಟಾಗಿ ಬಂತು, ಆಫೀಸಲ್ಲಿ ಎಲ್ಲಾ ಚೆನ್ನಾಗಿದೆ ಅಂದ್ರು, ಆದ್ರೆ ನನಗೆ ಅದ್ರಲ್ಲಿ ಜೀವ ಕಾಣ್ತಿಲ್ಲ. ಯಾರದ್ದೋ ಸೀರೆ ಉಟ್ಕೊಂಡು ಮದುವೆಗೆ ಹೋದಂಗೆ ಅನ್ಸುತ್ತೆ. ವಾರ್ಲಿ ಮಹಾರಾಷ್ಟ್ರ ಕಡೆ ಬುಡಕಟ್ಟು ಜನರದ್ದು, ನಾನು ಆ ಊರೇ ನೋಡಿಲ್ಲ. ನಮ್ಮ ಮಂಡ್ಯ ಮೈಸೂರು ಕಡೇದೇ ಏನಾದ್ರೂ ಹಿಡ್ಕೋಬೇಕು ಅಂತ ಆಸೆ, ಆದ್ರೆ ಎಲ್ಲಿಗೆ ಹೋಗ್ಲಿ, ಹೋಗಿ ಏನು ನೋಡ್ಲಿ, ನೋಡಿದ್ದನ್ನ ಹೇಗೆ ಬಿಡಿಸ್ಲಿ ಗೊತ್ತಾಗ್ತಿಲ್ಲ. ನಮ್ಮನೇಲಿ ಯಾರಿಗೂ ಕಲೆ ಅಂತ ಏನಿಲ್ಲ, ಅಜ್ಜಿ ಬೆಳಿಗ್ಗೆ ರಂಗೋಲಿ ಹಾಕ್ತಾರೆ ಅಷ್ಟೆ. ದಿನಾ ಸ್ಕೆಚ್ ಮಾಡೋರು ದಯವಿಟ್ಟು ಹೇಳಿ.

ಬಳಪದ_ಕಲ್ಲು

"ಅಜ್ಜಿ ಬೆಳಿಗ್ಗೆ ರಂಗೋಲಿ ಹಾಕ್ತಾರೆ ಅಷ್ಟೆ" ಅಂತ ಬರ್ದಿದೀರಲ್ಲ, ಆ "ಅಷ್ಟೆ" ತೆಗೆದುಬಿಡಿ ಮೊದಲು. ನೀವು ಕೇಳ್ತಿರೋದು ನಿಮ್ಮನೆ ಬಾಗಿಲಲ್ಲೇ ದಿನಾ ನಡೀತಿದೆ.

ನಾನು ಮೈಸೂರಲ್ಲಿ ಇರೋದು, ಒಂಬತ್ತು ವರ್ಷದಿಂದ ಸ್ಕೆಚ್ ಮಾಡ್ತಿದೀನಿ, ಮೊದಲ ಮೂರು ವರ್ಷ ನಿಮ್ಮ ಥರಾನೇ ಫೋಟೋ ನೋಡಿ ಬಿಡಿಸ್ತಿದ್ದೆ. ಫೋಟೋದಲ್ಲಿ ಎಲ್ಲಾ ಮುಗಿದಿರುತ್ತೆ ನೋಡಿ, ಮುಗಿದಿದ್ದನ್ನ ನಾವು ಇನ್ನೊಂದ್ಸಲ ಮುಗಿಸ್ತೀವಿ, ಅದಕ್ಕೇ ಜೀವ ಇರಲ್ಲ. ಯಾವುದೇ ಕಲೆ ಆಗ್ಲಿ ಅದು ಆಗ್ತಿರೋವಾಗ ನೋಡ್ಬೇಕು, ಯಾವ ಗೆರೆ ಮೊದಲು, ಯಾವುದು ಆಮೇಲೆ, ಕೈ ಎಲ್ಲಿ ನಿಲ್ಲುತ್ತೆ, ಎಲ್ಲಿ ತಿರುಗುತ್ತೆ. ಆ ಕೈ ಹೋದ ದಾರೀನ ಬಿಡಿಸಿ.

ರಂಗೋಲಿ ಪುಡಿ ಹೆಬ್ಬೆರಳು ತೋರುಬೆರಳಿನ ಮಧ್ಯೆ ಇರುತ್ತೆ, ಬೆರಳು ನೆಲಕ್ಕೆ ತಾಗಲ್ಲ, ಒಂದು ಸ್ವಲ್ಪ ಮೇಲೇ ನಿಂತು ಪುಡಿ ಇಳಿಬಿಡ್ತಾರೆ. ಮೊದಲು ಚುಕ್ಕಿ. ಏಳರಿಂದ ಒಂದರವರೆಗೆ ನೇರ ಚುಕ್ಕಿನೋ ಏಳರಿಂದ ನಾಲ್ಕು ಬರೋವರೆಗೆ ಸಂದು ಚುಕ್ಕಿನೋ ಅನ್ನೋದು ತಲೇಲಿ ಇರುತ್ತೆ, ಪುಸ್ತಕ ನೋಡಲ್ಲ. ಆಮೇಲೆ ಎಳೆ ರಂಗೋಲಿ ಆದ್ರೆ ಗೆರೆ ಚುಕ್ಕಿ ಮೇಲೆ ಹೋಗಲ್ಲ, ಚುಕ್ಕಿ ಸುತ್ತ ಬಳಸ್ಕೊಂಡು ಹೋಗುತ್ತೆ, ಹೊರಟ ಜಾಗಕ್ಕೇ ವಾಪಸ್ ಬಂದು ಸೇರ್ಬೇಕು. ಹಾಕೋರು ಹಿಂದಕ್ಕೆ ಸರೀತಾ ಸರೀತಾ ಹಾಕ್ತಾರೆ, ಕಾಲು ಗೆರೆ ತುಳೀಬಾರ್ದು ಅಂತ. ಈಗ ಹೇಳಿ, ಇದ್ರಲ್ಲಿ ಎಷ್ಟು ಸ್ಕೆಚ್ ಇದೆ? ಬಗ್ಗಿದ ಬೆನ್ನು ಒಂದು ದಿನ, ಎರಡು ಬೆರಳು ಮಾತ್ರ ಒಂದು ದಿನ, ಸೊಂಟಕ್ಕೆ ಸಿಗಿಸಿದ ಸೆರಗು ಒಂದು ದಿನ, ಚುಕ್ಕಿ ಮಾತ್ರ ಇಟ್ಟು ಇನ್ನೂ ಎಳೆ ಎಳೀದೇ ಇರೋ ನೆಲ ಒಂದು ದಿನ, ಹನ್ನೊಂದು ಗಂಟೆಗೆ ಬೈಕ್ ಟೈರ್ ಹಾದು ಅರ್ಧ ಅಳಿಸಿಹೋದ ರಂಗೋಲಿ ಇನ್ನೊಂದು ದಿನ. ನನಗೆ ಈ ಕೊನೇದು ಎಲ್ಲಕ್ಕಿಂತ ಇಷ್ಟ.

ಇನ್ನೊಂದು ಜಾಗ ಹೇಳ್ತೀನಿ, ಸೋಮನಾಥಪುರ. ಮೈಸೂರಿಂದ ಸುಮಾರು 35 ಕಿಲೋಮೀಟರ್, ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಅಲ್ಲಿನ ದೇವಸ್ಥಾನ ಹೊಯ್ಸಳರ ಕಾಲದ್ದು, 13ನೇ ಶತಮಾನ, 2023ರಲ್ಲಿ ಬೇಲೂರು ಹಳೇಬೀಡು ಜೊತೆ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಎಲ್ರೂ ಹೋದ ತಕ್ಷಣ ದೊಡ್ಡ ವಿಗ್ರಹಗಳ ಮುಂದೆ ನಿಲ್ತಾರೆ, ನೀವು ಅದನ್ನ ಬಿಡಿ, ಜಗಲಿ ಮೇಲೆ ಗೋಡೆ ಬುಡದಲ್ಲಿ ಕೂತ್ಕೊಳ್ಳಿ. ಕೆಳಗಿಂದ ಸಾಲು ಸಾಲಾಗಿ ಪಟ್ಟಿಗಳು ಬರುತ್ತೆ, ಆನೆ, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತ ಭಾಗವತದ ಕಥೆಗಳು, ಆಮೇಲೆ ಮಕರ, ಹಂಸ. ಆನೆ ಸಾಲು ದೂರದಿಂದ ಅಚ್ಚೊತ್ತಿದಂಗೆ ಕಾಣುತ್ತೆ, ಹತ್ರ ಕೂತು ಪಕ್ಕಪಕ್ಕದ ಎರಡು ಆನೆ ಬಿಡಿಸೋಕೆ ಹೋದಾಗ ಗೊತ್ತಾಗುತ್ತೆ, ಒಂದರ ಸೊಂಡಿಲು ಒಳಕ್ಕೆ ಸುತ್ತಿದೆ, ಇನ್ನೊಂದರದ್ದು ಮುಂದಿನ ಆನೆ ಬಾಲದ ಹತ್ರ ಹೋಗಿದೆ. ಬಳಪದ ಕಲ್ಲು ಮೆದು, ಅದಕ್ಕೇ ಮಣಿಹಾರದ ಒಂದೊಂದು ಮಣೀನೂ ಬಿಡಿಸಿಟ್ಟಿದಾರೆ. ಮಲ್ಲಿತಮ್ಮ ಅನ್ನೋ ಶಿಲ್ಪಿ ತನ್ನ ಹೆಸರು ವಿಗ್ರಹಗಳ ಕೆಳಗೆ ಕೆತ್ತಿದಾನೆ, ಹುಡುಕಿ, ಸಿಕ್ಕಾಗ ಮೈ ಜುಮ್ಮನ್ನುತ್ತೆ. ನಾನು ಆ ಆನೆ ಪಟ್ಟಿ ಒಂದನ್ನೇ ಹಿಡ್ಕೊಂಡು ಒಂದು ಮಳೆಗಾಲ ಪೂರ್ತಿ ಭಾನುವಾರ ಹೋಗಿದೀನಿ.

ತಮಟೆ_ಏಟು

ಅಕ್ಕ ನಂದು ಮದ್ದೂರ್ ಕಡೆ ಹಳ್ಳಿ. ನೀವು ಮಂಡ್ಯದೋರಾಗಿ ಪೂಜಾ ಕುಣಿತ ಬುಟ್ಟು ಎಲ್ಲೆಲ್ಲೋ ಹುಡುಕ್ತಾ ಇದೀರಲ್ಲ, ಅದ್ಕೆ ಬರೀತಾ ಇವ್ನಿ.

ಬೇಸಿಗೇಲಿ ನಮ್ ಕಡೆ ಊರಬ್ಬ ಆಯ್ತವೆ, ಒಂದಕ್ಕಾದ್ರೂ ಬನ್ನಿ. ಬಿದಿರಿನ ಚೌಕಟ್ಟು ಇರ್ತದೆ, ಆಳೆತ್ರ, ಮಧ್ಯ ಅಮ್ಮನ ಮುಖ, ಸುತ್ತ ಬಣ್ಣ ಬಣ್ಣದ ಸೀರೆ ನೆರಿಗೆ ಹಿಡಿದು ಬೀಸಣಿಗೆ ಅಂಗೆ ಕಟ್ಟಿರ್ತಾರೆ. ಅದ್ನ ತಲೆ ಮ್ಯಾಲೆ ಹೊತ್ಕೊಂಡು ಕುಣೀಬೇಕು. ನಮ್ಮಪ್ಪ ಕುಣೀತಿದ್ರು, ಈಗ ನಮ್ಮಣ್ಣ ಕುಣೀತಾನೆ. ನಾನು ಚಿತ್ರ ಕಲ್ತೋನಲ್ಲ ಆದ್ರೆ ಒಂದು ಯೋಳ್ತೀನಿ ನೋಡಿ, ಎಲ್ರೂ ಆ ಸೀರೆ ಅಲಂಕಾರ ನೋಡ್ತಾರೆ, ಕುಣಿಯೋನ ಕುತ್ತಿಗೆ ಯಾರೂ ನೋಡಾಕಿಲ್ಲ. ಮ್ಯಾಲೆ ಅಷ್ಟು ತೂಕ ಇರ್ತದಲ್ಲ, ಕುತ್ತಿಗೆ ಅಲ್ಲಾಡಂಗಿಲ್ಲ, ಕಂಬದ ಅಂಗೆ ನೆಟ್ಟಗೆ ನಿಂತಿರ್ಬೇಕು, ಕುಣಿತ ಎಲ್ಲಾ ಸೊಂಟದಿಂದ ಕೆಳೀಕೆ. ತಮಟೆ ಏಟು ಜೋರಾದಂಗೆ ಕಾಲು ಜೋರಾಯ್ತದೆ, ಮ್ಯಾಲೆ ದೇವ್ರು ಮಾತ್ರ ತೇಲ್ತಾ ಇರ್ತಾಳೆ. ಒಬ್ರು ಡ್ರಾಯಿಂಗ್ ಮಾಡೋರು ನಮ್ಮೂರ್ಗೆ ಬಂದಿದ್ರು, ಅವ್ರು ಮೊದ್ಲು ತಲೆಯಿಂದ ಬರೆಯಾಕೆ ಹೋಗಿ ಒಂದೂ ಆಗ್ಲಿಲ್ಲ, ಆಮ್ಯಾಕೆ ನಮ್ಮಣ್ಣ ಕಾಲಿಂದ ಶುರು ಮಾಡಿ ಸಾ ಅಂದ, ಆಮ್ಯಾಕೆ ಬಂತು.

ಇನ್ನೊಂದು, ದೇವ್ರಿಗೆ ಪೂಜೆ ಕಟ್ಟೋವಾಗ, ಅಂದ್ರೆ ಆ ಚೌಕಟ್ಟು ಕಟ್ಟಿ ಅಲಂಕಾರ ಮಾಡೋವಾಗ, ಪಕ್ಕದಲ್ಲಿ ಕೂತ್ಕೊಳ್ಳಾಕೆ ಕೇಳ್ಕೊಂಡು ಕೂತ್ಕೊಳ್ಳಿ, ಚಪ್ಪಲಿ ಬುಟ್ಟು. ಯಾರೂ ಬ್ಯಾಡ ಅನ್ನಾಕಿಲ್ಲ. ಕೇಳ್ದೆ ಫೋಟೋ ಹೊಡ್ಕೊಂಡು ಹೋಗೋರೇ ಜಾಸ್ತಿ ಆಗವ್ರೆ, ಕೂತು ನೋಡೋರು ಬಂದ್ರೆ ನಮ್ಗೂ ಸಂತೋಸ. ಕುಣಿಯೋ ಹೈಕ್ಳಿಗೆ ನೀವು ಬರ್ದಿದ್ದು ತೋರ್ಸಿ ಅಷ್ಟೇ ಸಾಕು.

ಹುಣಸೆ_ಕಡ್ಡಿ

ಬಳಪದ ಕಲ್ಲು ಅವರ ಮಾತು ಒಪ್ತೀನಿ, ಆದ್ರೆ ಒಂದು ಕಡೆ ನನ್ನ ತಕರಾರು ಇದೆ. ನಕಲು ಮಾಡೋದು ತಪ್ಪು ಅನ್ನೋ ಥರ ಕೇಳಿಸ್ತು. ನಾನು ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಆರು ವರ್ಷ ಕಲ್ತಿದೀನಿ, ನಮ್ಮಲ್ಲಿ ಕಲಿಕೆ ಅಂದ್ರೇನೇ ನಕಲು. ಮೊದಲ ವರ್ಷ ಪೂರ್ತಿ ಕೈ, ಕಣ್ಣು, ಪಾದ, ತಾವರೆ, ಇದನ್ನೇ ಗುರುಗಳ ಹಾಳೆ ನೋಡಿ ಬಿಡಿಸಿದ್ದು. ಆದ್ರೆ ಗುರುಗಳು ಎದುರಿಗೆ ಬಿಡಿಸಿ ತೋರಿಸ್ತಿದ್ರು, ಗೆರೆ ಎಲ್ಲಿಂದ ಹೊರಡುತ್ತೆ ಅಂತ ಗೊತ್ತಿರ್ತಿತ್ತು. ಫೋನಲ್ಲಿ ನೋಡಿ ಮಾಡಿದ ನಕಲಿನಲ್ಲಿ ಆ ಹೊರಡೋ ಜಾಗ ಸಿಗಲ್ಲ, ತೊಂದರೆ ಇರೋದು ಅಲ್ಲಿ.

ಹಳೆ ಕಾಲದಲ್ಲಿ ನಮ್ಮವರು ಸ್ಕೆಚ್‌ಗೆ ಏನು ಬಳಸ್ತಿದ್ರು ಗೊತ್ತಾ, ಹುಣಸೆ ಕಡ್ಡಿ. ಕಬ್ಬಿಣದ ಕೊಳವೇಲಿ ಹುಣಸೆ ಕಡ್ಡಿ ಹಾಕಿ ಸುಟ್ಟು ಇದ್ದಿಲು ಮಾಡ್ಕೊಳ್ಳೋರು, ಅದೇ ಪೆನ್ಸಿಲ್. ನಾನು ಮನೇಲಿ ಹಳೇ ಡಬ್ಬಿ ಒಂದರಲ್ಲಿ ಪ್ರಯತ್ನ ಮಾಡ್ದೆ, ಮುಚ್ಚಳ ಸರಿಯಾಗಿ ಕೂರದೆ ಗಾಳಿ ಆಡಿದ್ರೆ ಬೂದಿ ಆಗುತ್ತೆ, ಬಿಗಿಯಾಗಿ ಮುಚ್ಚಿದ್ರೆ ಕಪ್ಪಗೆ ಗಟ್ಟಿಯಾಗಿ ಬರುತ್ತೆ, ಕಾಗದದ ಮೇಲೆ ರೇಷ್ಮೆ ಥರ ಹೋಗುತ್ತೆ ಗೆರೆ, ಬಟ್ಟೇಲಿ ಒಂದ್ಸಲ ಕೊಡವಿದ್ರೆ ಅಳಿಸೂ ಹೋಗುತ್ತೆ. ತಪ್ಪು ಮಾಡೋಕೆ ಭಯಾನೇ ಇರಲ್ಲ. ದಿನಾ ಸ್ಕೆಚ್ ಮಾಡೋರಿಗೆ ಇದಕ್ಕಿಂತ ಒಳ್ಳೆ ಸಾಮಾನು ನಾನು ನೋಡಿಲ್ಲ.

ಕ್ರಮ ಹೇಳ್ತೀನಿ ಕೇಳಿ, ನಿಮ್ಮ ಪ್ರಶ್ನೆಗೂ ಅದೇ ಉತ್ತರ ಅನ್ಸುತ್ತೆ ನನಗೆ. ಮೊದಲು ದೂರದ್ದು, ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿ, ಮನುಷ್ಯರು. ಅದಾದ್ಮೇಲೆ ಮುಖ, ಉಡುಗೆ, ಒಡವೆ. ಒಡವೆ, ಕಿರೀಟ, ಸೀರೆ ಅಂಚು ಇರೋ ಕಡೆ ಗೆಸ್ಸೋ ಕೆಲಸ, ಅಂದ್ರೆ ಮಕ್ಕಿ ಸಫೇದ, ಗೋಂದು, ರೇವಲ್ಚಿನ್ನಿ ಹಾಲು (ಮರದಿಂದ ಸಿಗೋ ಹಳದಿ ಅಂಟು) ಸೇರಿಸಿದ ಗಟ್ಟಿ ಬಣ್ಣ ಸಣ್ಣ ಕುಂಚದಲ್ಲಿ ಚೂರು ಚೂರೇ ಎತ್ತರ ಬರೋ ಹಾಗೆ ಇಡೋದು, ಅದರ ಮೇಲೆ ಚಿನ್ನದ ರೇಕು. ಕೊನೆಗೆ ತೆಳು ಕಾಗದ ಮುಚ್ಚಿ ನುಣುಪು ಕಲ್ಲಲ್ಲಿ ಉಜ್ಜಿದ್ರೆ ಮಿಂಚು ಬರುತ್ತೆ. ತಂಜಾವೂರಿನದ್ದು ದಪ್ಪ ಉಬ್ಬು, ನಮ್ಮದು ತೆಳು, ಬೆರಳಾಡಿಸಿದ್ರೆ ಗೊತ್ತಾಗುತ್ತೆ. (ಮಕ್ಕಿ ಸಫೇದ ಅಂದ್ರೆ ಸೀಸದ ಬಿಳಿ, ವಿಷ, ಮನೇಲಿ ನೀವೇ ಅದನ್ನ ತಂದು ಕಲಸೋಕೆ ಹೋಗ್ಬೇಡಿ.)

ಸ್ಕೆಚ್‌ಗೆ ಇದ್ರಿಂದ ಏನು ತಗೋಬಹುದು ಅಂದ್ರೆ, ಒಡವೆ ಮೊದಲು ಬಿಡಿಸ್ಬೇಡಿ. ಹೊಸಬರೆಲ್ಲಾ ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ವಿವರ ಕಣ್ಣಿಗೆ ಹೊಡೆಯುತ್ತೆ, ಅಲ್ಲೇ ಶುರು ಮಾಡ್ತಾರೆ, ಕೈಕಾಲು ಅಳತೆ ಕೆಟ್ಟುಹೋಗುತ್ತೆ.

ದಿನಕ್ಕೊಂದು ವಿಷಯ ಬೇಕು ಅಂದ್ರೆ ಗಂಜೀಫಾ ನೋಡಿ, ಅಂದ್ರೆ ಚಿತ್ರ ಬರೆದ ಹಳೇ ಕಾಲದ ಇಸ್ಪೀಟ್ ಎಲೆ. ನಮ್ಮ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಇದಕ್ಕೆ ಎಷ್ಟು ಪ್ರೋತ್ಸಾಹ ಇತ್ತು ಅಂದ್ರೆ ಅವರೇ ಹೊಸ ಹೊಸ ಆಟಗಳನ್ನ ಕಟ್ಟಿದ್ರು. ದುಂಡನೆ ಎಲೆಗಳು. ದಶಾವತಾರ ಗಂಜೀಫಾದಲ್ಲಿ 120 ಎಲೆ, ಹತ್ತು ಅವತಾರಕ್ಕೆ ತಲಾ ಹನ್ನೆರಡು, ರಾಜ, ಮಂತ್ರಿ, ಮಿಕ್ಕ ಹತ್ತು ಎಲೆಗಳಲ್ಲಿ ಒಂದರಿಂದ ಹತ್ತರವರೆಗೆ ಎಣಿಕೆ ಚಿಹ್ನೆ. ಮತ್ಸ್ಯ ಅಂದ್ರೆ ಮೀನು, ಒಂದು ಮೀನು, ಎರಡು ಮೀನು, ಮೂರು ಮೀನು ಹೀಗೆ. ಡಬ್ಬಿ ಮುಚ್ಚಳ ಇಟ್ಟು ವೃತ್ತ ಎಳ್ಕೊಳ್ಳಿ, ಅದರೊಳಗೆ ಏಳು ಮೀನು ಇಕ್ಕಟ್ಟಾಗದೇ ಹೇಗೆ ಕೂರಿಸ್ತೀರಿ ನೋಡಿ. ಒಂದು ಮೀನು ಸುಲಭ, ಏಳು ಮೀನು ಕಷ್ಟ, ಒಂಬತ್ತಂತೂ ಕೇಳ್ಲೇಬೇಡಿ. ನಾನು 120 ದಿನ ಇದನ್ನ ಮಾಡಿದೀನಿ. ಖಾಲಿ ಜಾಗ ಅಂದ್ರೇನು ಅಂತ ನನಗೆ ಅರ್ಥ ಆಗಿದ್ದೇ ಅದರಿಂದ.

ಮಂಡ್ಯ_ಪೆನ್ಸಿಲ್

ಇಷ್ಟೆಲ್ಲಾ ಬರೀತೀರ ಅಂದ್ಕೊಂಡೇ ಇರ್ಲಿಲ್ಲ, ಮೂರು ಸಲ ಓದ್ದೆ. ತಮಟೆ ಏಟು ಅವ್ರೆ, ಕುತ್ತಿಗೆ ವಿಷಯ ಓದಿ ನನಗೆ ಚಿಕ್ಕೋಳಿದ್ದಾಗ ನೋಡಿದ ಪೂಜಾ ಕುಣಿತ ನೆನಪಾಯ್ತು, ನಾನೂ ಬರೀ ಸೀರೆ ಬಣ್ಣ ನೋಡಿದ್ದೆ.

ಒಂದು ಅನುಮಾನ. ಜನ ಸುತ್ತ ಇದ್ದಾಗ ನನಗೆ ಕೈ ನಡುಗುತ್ತೆ. ಹೋದ ತಿಂಗಳು ಒಂದು ಕಡೆ ಕೂತು ಕಂಬ ಬಿಡಿಸ್ತಿದ್ದೆ, ಅಲ್ಲಿ ಕಾವಲಿಗಿದ್ದವರು ಬಂದು ಎದ್ದೇಳಿ ಇಲ್ಲಿ ಕೂರಬಾರ್ದು ಅಂದ್ರು, ಸುತ್ತ ಇದ್ದವರೆಲ್ಲಾ ನೋಡಿದ್ರು, ಅವತ್ತಿಂದ ಹೊರಗೆ ಬುಕ್ ತೆಗೆಯೋಕೇ ಹಿಂಜರಿಕೆ. ಮತ್ತೆ ಗುಂಪು ಇರೋ ಚಿತ್ರ, ಜಾತ್ರೆ, ಸಂತೆ, ಅದನ್ನ ಹೇಗೆ ಹಿಡಿಯೋದು? ಒಬ್ರನ್ನ ಬರೆಯೋಷ್ಟರಲ್ಲಿ ಎಲ್ರೂ ಹೊರಟುಹೋಗಿರ್ತಾರೆ.

ಕಾಗೆ_ಕಪ್ಪು

ಗುಂಪಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ, ನಿಮ್ಮ ಟ್ರೈನ್ ದಾರೀಲೇ ಇದೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಪಶ್ಚಿಮ ಗೋಡೆ ತುಂಬಾ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಆ ಚಿತ್ರದ ಕುದುರೆಗಳನ್ನ ನೋಡಿ, ಒಂದು ಕುದುರೆ ಪೂರ್ತಿ, ಅದರ ಹಿಂದೆ ಮಿಕ್ಕವು ಬರೀ ತಲೆ, ಬರೀ ಕಾಲು, ಸಾಲಾಗಿ. ಅಷ್ಟರಲ್ಲೇ ದಂಡು ಬಂದಂಗೆ ಆಗಿದೆ. ಮಧ್ಯದಲ್ಲಿ ಚೌಕಾಕಾರ ಕಟ್ಕೊಂಡು ನಿಂತ ಇಂಗ್ಲಿಷ್ ಸೈನ್ಯ, ಒಳಗೆ ಪಲ್ಲಕ್ಕೀಲಿ ಅವರ ದಂಡನಾಯಕ ಕರ್ನಲ್ ಬೇಲಿ (Baillie) ಕೂತಿದಾನೆ, ಬೆರಳು ಬಾಯಿಗಿಟ್ಕೊಂಡು. ಸಾವಿರಾರು ಜನ ಇರೋ ಗೋಡೇಲಿ ಕಣ್ಣು ನೇರ ಆ ಬೆರಳಿಗೆ ಹೋಗುತ್ತೆ. ಸಂತೇಲೂ ಹಾಗೇ ಮಾಡಿ, ಒಬ್ರನ್ನ ಪೂರ್ತಿ ಬರೀರಿ, ಮಿಕ್ಕಿದ್ದು ತಲೆ ಭುಜ ಸಾಕು.

ಹೊರಗೆ ಕೂರೋ ಹಿಂಜರಿಕೆಗೆ ಮೈಸೂರಿನ ದೇವರಾಜ ಮಾರ್ಕೆಟ್ಟು ಒಳ್ಳೆ ಮದ್ದು. ಅಲ್ಲಿ ಎಲ್ರಿಗೂ ಅವರವರ ವ್ಯಾಪಾರ, ನಿಮ್ಮನ್ನ ನೋಡೋಕೆ ಪುರುಸೊತ್ತಿಲ್ಲ. ಹೂವಿನೋರ ಹತ್ರ ಒಂದು ಮೊಳ ಮಲ್ಲಿಗೆ ತಗೊಂಡು ಅಲ್ಲೇ ಪಕ್ಕದಲ್ಲಿ ನಿಂತ್ಕೊಳ್ಳಿ. ಹೂ ಕಟ್ಟೋ ಕೈ ಬಿಡಿಸೋಕೆ ನಾನು ಎರಡು ವಾರ ತಗೊಂಡೆ, ಅಷ್ಟು ಬೇಗ ಓಡುತ್ತೆ ಆ ದಾರ.

ಒಂದೇ ವಿಷಯ ಎಷ್ಟು ದಿನ ಅಂತ ಬೇಜಾರಾದ್ರೆ ನಮ್ಮ ಮೈಸೂರಲ್ಲೇ 1921ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರನ್ನ ನೆನಪು ಮಾಡ್ಕೊಳ್ಳಿ, ಚಿಕ್ಕಂದಿನಿಂದ ಕಾಗೆ ಬಿಡಿಸಿದ್ರು, ಹೆಸರು ಮಾಡಿದ ಮೇಲೂ ಕಾಗೆ ಬಿಡಿಸಿದ್ರು.

ಬಳಪದ_ಕಲ್ಲು

ಹುಣಸೆ ಕಡ್ಡಿ ಅವರೇ, ನಕಲಿನ ಬಗ್ಗೆ ನೀವು ಹೇಳಿದ್ದು ಸರಿ, ನಾನು ಅವಸರದಲ್ಲಿ ಬರೆದೆ. ಆನೆ ಪಟ್ಟಿ ಬಿಡಿಸಿದ್ದೂ ನಕಲೇ ತಾನೆ. ಇದ್ದಿಲು ಮಾಡೋದು ಒಂದ್ಸಲ ವಿವರವಾಗಿ ಬರೀರಿ.

ಮಂಡ್ಯ_ಪೆನ್ಸಿಲ್

ಮೂರು ವಾರ ಆಯ್ತು, ಹೇಗಾಯ್ತು ಅಂತ ಹೇಳೋಣ ಅಂತ ಬಂದೆ.

ರಂಗೋಲಿಯಿಂದಾನೇ ಶುರು ಮಾಡ್ದೆ. ಐದೂಮುಕ್ಕಾಲಿಗೆ ಏಳೋದು ಮೊದಲ ದಿನ ಕಷ್ಟ ಆಯ್ತು. ಮೆಟ್ಟಿಲ ಮೇಲೆ ಕೂತ್ಕೊಂಡು ಅಜ್ಜಿ ಕೈ ಮಾತ್ರ ಬಿಡಿಸ್ತಿದ್ದೆ. ಇಷ್ಟು ವರ್ಷ ಒಂದೇ ಮನೇಲಿದ್ದು ನಾನು ನೋಡೇ ಇರದಿದ್ದ ಒಂದು ಸಂಗತಿ ಗೊತ್ತಾಯ್ತು, ಅಜ್ಜಿ ಬಲಗೈ ತೋರುಬೆರಳು ಮೊದಲ ಗಿಣ್ಣಲ್ಲಿ ಸ್ವಲ್ಪ ಹೊರಕ್ಕೆ ಬಾಗಿದೆ. ಕೇಳಿದ್ರೆ ಮದುವೆ ಆದ ಹೊಸತರಲ್ಲಿ ಆಲೆಮನೇಲಿ ಏಟು ಬಿದ್ದಿದ್ದು ಅಂದ್ರು. ಅದಕ್ಕೇ ಪುಡಿ ಎಡಕ್ಕೆ ತಿರುಗೋವಾಗ ದಪ್ಪ ಬೀಳುತ್ತೆ, ಬಲಕ್ಕೆ ತೆಳು. ನಮ್ಮನೆ ರಂಗೋಲಿ ನೋಡಿದ್ರೆ ಎಡಗಡೆ ಎಳೆ ಎಲ್ಲಾ ದಪ್ಪ. ಬೀದೀಲಿ ಮಿಕ್ಕ ಮನೆ ರಂಗೋಲಿ ಹಾಗಿಲ್ಲ, ಹೋಗಿ ನೋಡ್ಕೊಂಡು ಬಂದೆ. ಈಗ ನಾನು ಬಿಡಿಸೋವಾಗ ಬ್ರಷ್ ಪೆನ್ ಎಡಕ್ಕೆ ಒತ್ತಿ ಹಿಡೀತೀನಿ, ಆಗ ಅದು ಅಜ್ಜಿ ರಂಗೋಲಿ ಥರಾನೇ ಕಾಣುತ್ತೆ.

ಹದಿನೆಂಟು ಪುಟ ಆಗಿದೆ. ಒಂದೂ ಫೋನ್ ನೋಡಿ ಬಿಡಿಸಿದ್ದಲ್ಲ. ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್ತಿಗೂ ಹೋದೆ, ಕುದುರೆ ಕಾಲು ಎಣಿಸ್ತಾ ನಿಂತಿದ್ದಕ್ಕೆ ಒಬ್ಬ ಸ್ಕೂಲ್ ಹುಡುಗ ಬಂದು ತಾನೂ ಎಣಿಸೋಕೆ ಶುರು ಮಾಡ್ದ, ಇಬ್ಬರಿಗೂ ಲೆಕ್ಕ ಬೇರೆ ಬೇರೆ ಬಂತು. ಸೋಮನಾಥಪುರ ಇನ್ನೂ ಆಗಿಲ್ಲ.

ನಿನ್ನೆ ಅಜ್ಜಿ ಬುಕ್ ಕೊಡು ನೋಡೋಣ ಅಂದ್ರು. ಕನ್ನಡಕ ಹಾಕ್ಕೊಂಡು ಒಂದೊಂದೇ ಪುಟ ತಿರುಗಿಸಿದ್ರು, ತಮ್ಮ ಕೈ ಬಗ್ಗೆ ಏನೂ ಹೇಳ್ಲಿಲ್ಲ. ಏಳು ಚುಕ್ಕಿ ರಂಗೋಲಿ ಇದ್ದ ಪುಟದಲ್ಲಿ ನಿಂತು, ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟಿದೀಯ ಎಳೆ ಕೂಡಲ್ಲ ಇದು ಅಂತ ನನ್ನ ಪೆನ್ ತಗೊಂಡು ಅವರೇ ಇಟ್ರು. ಇಂಕ್ ಪೆನ್ನು ರೂಢಿ ಇಲ್ಲ, ಚುಕ್ಕಿ ದೊಡ್ಡದಾಗಿ ಹರಡಿ ಹಿಂದಿನ ಪುಟಕ್ಕೂ ಇಳಿದಿದೆ.

ಅಂದಹಾಗೆ ಇಂಕ್ ಹಿಂದಕ್ಕೆ ಇಳೀದೇ ಇರೋ ಕಾಗದ ಯಾವುದು ತಗೋಬೇಕು, ಯಾರಾದ್ರೂ ಹೇಳ್ತೀರಾ?

ಹುಣಸೆ_ಕಡ್ಡಿ

ಪುಸ್ತಕದ ಹಿಂದೆ ಜಿಎಸ್ಎಂ (ಕಾಗದದ ತೂಕದ ಅಳತೆ) ಅಂತ ಬರ್ದಿರುತ್ತೆ, 200ರ ಮೇಲಿರೋದು ತಗೊಳ್ಳಿ, ಬ್ರಷ್ ಪೆನ್ನಿಗೆ ಸಾಕು. ಆ ಪುಟ ಹರೀಬೇಡಿ.

ತಮಟೆ_ಏಟು

ಅಕ್ಕ, ಇನ್ನ ಹದಿನೈದು ದಿನಕ್ಕೆ ನಮ್ಮೂರಬ್ಬ. ಅಜ್ಜೀನೂ ಕರ್ಕೊಂಡ್ ಬನ್ನಿ, ಪೂಜೆ ಕಟ್ಟೋದು ಮಧ್ಯಾನ್ನ ಎಲ್ಡು ಗಂಟೆಗೆ ಶುರು ಆಯ್ತದೆ, ಅಷ್ಟೊತ್ತಿಗೇ ಬಂದ್ರೆ ಕೂತ್ಕೊಳ್ಳಾಕೆ ಜಾಗ ಸಿಕ್ತದೆ.